ಅಳಿವೆಬಾಗಿಲಿನಿಂದ ಓದಿದ ನೌಕಾ ಇತಿಹಾಸ



ನೌಕಾ ಇತಿಹಾಸ ಬರೆಯುವವರ ದಿನಚರಿ ಹೇಗಿರುತ್ತದೆ, ಅದನ್ನೇ ಈ ಸಂಜೆ ಮಾತಾಡಿ ಎಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಮಂಗಳೂರಿನ ದೇರೆಬೈಲಿನ ನನ್ನ ಮನೆಯಿಂದ ಕಡಲು ಕಾಣುವುದಿಲ್ಲ. ಕಾಣುವುದು ಪಕ್ಕದ ಮನೆಯ ಹಲಸಿನ ಮರ, ಅದರಾಚೆ ರಸ್ತೆ. ಆದರೆ ಹೊಳೆದಡದ ಕಾವಲುಕೋಟೆಯಾದ ಬೋಳೂರಿನ ಸುಲ್ತಾನ್ ಬತ್ತೇರಿಗೆ ಇಲ್ಲಿಂದ ಹೆಚ್ಚು ದೂರವಿಲ್ಲ. ಬೆಳಗ್ಗೆ ಓದಿದ್ದನ್ನು ಸಂಜೆ ಹೊಳೆಯ ದಡದಲ್ಲಿ ನಿಂತು ತಾಳೆ ನೋಡಬಹುದು. ನನ್ನ ಕೆಲಸದ ಮುಖ್ಯ ಭಾಗ ಇದೇ.

ಒಂದು ದಿನದ ಓದನ್ನು ನಿಮ್ಮ ಮುಂದೆ ಬಿಡಿಸಿಡುತ್ತೇನೆ. 1780ರ ಡಿಸೆಂಬರ್ 8. ಹೈದರಾಲಿಗೂ ಇಂಗ್ಲಿಷರಿಗೂ ಎರಡನೆಯ ಯುದ್ಧ ನಡೆಯುತ್ತಿದೆ. ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ತನ್ನ ಹಡಗುಗಳೊಂದಿಗೆ ಮಂಗಳೂರಿನೆದುರು ಬರುತ್ತಾನೆ. ಹೈದರನ ಬಾವುಟ ಹಾರುವ ಹಡಗುಗಳು ಹೊಳೆಯ ಒಳಗಿಲ್ಲ, ಹೊರಗೆ ತೆರೆದ ಕಡಲಿನಲ್ಲಿ ಲಂಗರು ಹಾಕಿ ನಿಂತಿವೆ. ಹ್ಯೂಸ್ ದೋಣಿಗಳಲ್ಲಿ ಶಸ್ತ್ರಸಜ್ಜಿತರನ್ನು ಕಳಿಸುತ್ತಾನೆ. 28 ತೋಪಿನದೊಂದು, 26 ತೋಪಿನದೊಂದು, ಎರಡು ದೊಡ್ಡ ಹಡಗುಗಳು ಸುಟ್ಟುಹೋಗುತ್ತವೆ. ಚಿಕ್ಕವು ಕೆಲವು ದಡಕ್ಕೆ ಹತ್ತಿ ಹಾಳಾಗುತ್ತವೆ. ಗುರಾಬ್ ಎಂಬ ಬಗೆಯ ಒಂದು ಹಡಗು ಮಾತ್ರ ಒಳಗಿದ್ದುದನ್ನೆಲ್ಲ ನೀರಿಗೆ ಎಸೆದು, ಹಗುರಾಗಿ, ಅಳಿವೆಬಾಗಿಲು ದಾಟಿ ಹೊಳೆ ಸೇರುತ್ತದೆ.

ಈ ಕೊನೆಯ ಸಾಲನ್ನು ಮೊದಲು ಓದಿದಾಗ ನನಗೆ ಆ ದಿನದ ಬೇರೆ ಕೆಲಸ ಮಾಡಲಾಗಲಿಲ್ಲ. ಪುಸ್ತಕಗಳಲ್ಲಿ ಈ ಘಟನೆ ಇಂಗ್ಲಿಷರ ಶೌರ್ಯವಾಗಿಯೋ ಹೈದರನ ಸೋಲಾಗಿಯೋ ಒಂದೆರಡು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಅಳಿವೆಯ ಬಳಿಯ ಬೆಂಗ್ರೆಯ ಯಾವ ಮೀನುಗಾರನನ್ನಾದರೂ ಕೇಳಿ ನೋಡಿ, ಆ ಗುರಾಬ್ ಯಾಕೆ ಹಾಗೆ ಮಾಡಿತು ಎಂದು ಅವನಿಗೆ ವಿವರಿಸಬೇಕಾಗಿಲ್ಲ. ನೇತ್ರಾವತಿ, ಗುರುಪುರ ಹೊಳೆಗಳೆರಡೂ ಸೇರಿ ಕಡಲಿಗೆ ಬೀಳುವ ಈ ಅಳಿವೆಬಾಗಿಲಿನಲ್ಲಿ ಮರಳು ಕಟ್ಟಿಕೊಳ್ಳುತ್ತದೆ. ಭಾರದ ಹಡಗು ಒಳಗೆ ಬರಲಾಗದು. ಒಳಗಿನ ಹೊಳೆ ಎಷ್ಟು ಸುರಕ್ಷಿತವೋ ಬಾಗಿಲು ಅಷ್ಟೇ ಇಕ್ಕಟ್ಟು. ಹೈದರ್ 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಈ ಕರಾವಳಿ ಅವನ ಕೈಸೇರಿತು; ಮಂಗಳೂರಿನಲ್ಲಿ ಅವನು ಹಡಗು ಕಟ್ಟಿಸಿದ. 1768ರಲ್ಲಿ ಬೊಂಬಾಯಿಯಿಂದ ಬಂದ ಇಂಗ್ಲಿಷ್ ಪಡೆ ಊರು ಹಿಡಿಯಿತು. ಹೈದರ್ ಕೆಲವೇ ತಿಂಗಳಲ್ಲಿ ಊರನ್ನು ಮರಳಿ ಪಡೆದರೂ ನೌಕಾದಳವನ್ನು ಮತ್ತೆ ಕಟ್ಟಬೇಕಾಯಿತು. ಹಾಗೆ ಕಟ್ಟಿದ್ದು 1780ರಲ್ಲಿ ಬಾಗಿಲಿನ ಹೊರಗೆ ಉರಿದುಹೋಯಿತು.

ಹೈದರನ ಮಗ ಟಿಪ್ಪು ಇದನ್ನು ಮರೆಯಲಿಲ್ಲ ಎಂದೇ ನನ್ನ ನಂಬಿಕೆ. 1784ರಲ್ಲಿ ಹೊಳೆಯ ದಡದಲ್ಲಿ ಕಪ್ಪು ಕಲ್ಲಿನ ಸುಲ್ತಾನ್ ಬತ್ತೇರಿ ಎದ್ದಿತು. ಅದರ ಗೋಡೆಯ ಕಿಂಡಿಯಿಂದ ನೋಡಿದರೆ ಎದುರಿಗಿರುವುದು ಹೊಳೆ, ಆಚೆ ತಣ್ಣೀರುಬಾವಿಯ ಮರಳಪಟ್ಟಿ. ಒಳಗೆ ನುಗ್ಗುವ ದೋಣಿಯನ್ನು ತಡೆಯಲು ಕಟ್ಟಿದ್ದು ಅದು. 1796ರ ಅವನ ನೌಕಾ ಆಜ್ಞೆಯಲ್ಲಿ 20 ದೊಡ್ಡ ಯುದ್ಧನೌಕೆ, 20 ಫ್ರಿಗೇಟ್, ಒಟ್ಟು 40 ಹಡಗುಗಳ ಯೋಜನೆಯಿದೆ. ಮಂಗಳೂರು, ಮಿರ್ಜಾನ್, ಸದಾಶಿವಗಡದ ಬಳಿ ಹಡಗುಕಟ್ಟೆಗಳು. ಆದರೆ 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಯೋಜನೆ ಕಾಗದದಲ್ಲೇ ಉಳಿಯಿತು. ಅಳಿವೆಯ ತೊಡಕು ಮಾತ್ರ ಮುಂದುವರಿಯಿತು. ಪಣಂಬೂರಿನಲ್ಲಿ ನೆಲ ಅಗೆದು ಹೊಸ ಬಂದರನ್ನೇ ಮಾಡಬೇಕಾಗಿ ಬಂದು, 1975ರಲ್ಲಿ ಅದರ ಉದ್ಘಾಟನೆಯಾದದ್ದು ನಮ್ಮಲ್ಲಿ ಹಲವರು ಕಣ್ಣಾರೆ ಕಂಡದ್ದು.

ಹೀಗೆ ಬರೆಯುವಾಗ ಮೇಜಿನ ಮೇಲೆ ಸದಾ ಇರುವುದು ಪಂಚಾಂಗ. ಯಾವುದೇ ದಾಳಿಯ ತಾರೀಕು ಸಿಕ್ಕಿದರೆ ಮೊದಲು ಆಗ ಯಾವ ಗಾಳಿ, ಯಾವ ತಿಥಿ, ನೀರು ಏರುವ ಹೊತ್ತೋ ಇಳಿಯುವ ಹೊತ್ತೋ ಎಂದು ನೋಡುತ್ತೇನೆ. ಶಿವಾಜಿ ಬಸರೂರಿಗೆ 85 ಹಡಗುಗಳೊಂದಿಗೆ ಬಂದದ್ದು 1665ರ ಫೆಬ್ರವರಿಯಲ್ಲಿ. ಆಟಿ ತಿಂಗಳಲ್ಲಿ ಹಾಗೆ ಬರಲು ಯಾರಿಂದಲೂ ಆಗದು. ಮಳೆಗಾಲದಲ್ಲಿ ಈ ಕಡಲಿನಲ್ಲಿ ರಾಜರ ಯುದ್ಧವೂ ನಿಲ್ಲುತ್ತಿತ್ತು, ಮೀನುಗಾರನ ಬಲೆಯೂ ಒಣಗುತ್ತಿತ್ತು. ಈಗಲೂ ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳೂ ಮಳೆಗಾಲದಲ್ಲಿ ಬಂದರು ಬಿಡುವುದಿಲ್ಲ.

ಸಭೆಗಳಲ್ಲಿ ನನಗೆ ಹೆಚ್ಚಾಗಿ ಬರುವ ಪ್ರಶ್ನೆ ಉಳ್ಳಾಲದ ರಾಣಿ ಅಬ್ಬಕ್ಕನ ಬಗ್ಗೆ. ಅವಳ ಹೆಸರನ್ನು ಕರಾವಳಿ ಕಾವಲು ಪಡೆಯ ಹಡಗಿಗೆ ಇಟ್ಟದ್ದು ನನಗೂ ಹೆಮ್ಮೆಯೇ. ಆದರೆ ಅವಳು ಪೋರ್ಚುಗೀಸರ ಮೇಲೆ ಬಿಟ್ಟಳೆನ್ನುವ ಬೆಂಕಿಯ ಬಾಣಗಳ ಕಥೆಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ 1623ರಲ್ಲಿ ಮಣೇಲಿನಲ್ಲಿ ಕಂಡ ನೋಟ. ಉಳ್ಳಾಲದ ರಾಣಿ ಬರಿಗಾಲಲ್ಲಿ, ಸಾದಾ ಹತ್ತಿಬಟ್ಟೆಯಲ್ಲಿ, ನೀರಿನ ಕಾಲುವೆ ಅಗೆಯುವುದನ್ನು ನೋಡಲು ನಡೆದು ಹೊರಟಿದ್ದಳು. ಅವನಿಗೆ ಅವಳು ರಾಣಿಯಂತೆ ಕಾಣಲಿಲ್ಲ. ಮಾತು ಕೇಳಿದ ಮೇಲೆ ರಾಜಗಾಂಭೀರ್ಯ ತಿಳಿಯಿತು. ಆ ಕಾಲುವೆಯನ್ನು ನೌಕಾ ಇತಿಹಾಸದಿಂದ ಹೊರಗಿಡಬಾರದು ಎನ್ನುವುದೇ ನನ್ನ ವಾದ. ಗದ್ದೆಗೆ ನೀರು ಬಂದರೆ ಅಕ್ಕಿ; ಪೋರ್ಚುಗೀಸರು ಈ ದಡಕ್ಕೆ ಅಂಟಿಕೊಂಡದ್ದು ಹೆಚ್ಚಾಗಿ ಆ ಅಕ್ಕಿಗಾಗಿ. ಮಂಗಳೂರು, ಬಸರೂರುಗಳ ಅಕ್ಕಿಯಿಲ್ಲದೆ ಗೋವೆಯ ಒಲೆ ಉರಿಯುತ್ತಿರಲಿಲ್ಲ. ಇತಿಹಾಸಕಾರ ಬಿ. ಎಸ್. ಶಾಸ್ತ್ರಿಯವರು ಪೋರ್ಚುಗೀಸ್ ದಾಖಲೆಗಳನ್ನು ಕುಳಿತು ಓದಿ ನಮಗೆ ತೋರಿಸಿಕೊಟ್ಟ ದಾರಿ ಇದು. 1923ರಲ್ಲೇ ಜಿಲ್ಲೆಯ ಇತಿಹಾಸವನ್ನು ಕನ್ನಡದಲ್ಲಿ ಬರೆದ ಗಣಪತಿ ರಾವ್ ಐಗಳರನ್ನೂ, ಊರೂರು ಅಲೆದು ಶಾಸನ ಓದಿದ ಗುರುರಾಜ ಭಟ್ಟರನ್ನೂ ನೆನೆಯದೆ ನನ್ನ ಬೆಳಗು ಶುರುವಾಗುವುದಿಲ್ಲ.

ಬಿಡುವು ಎಂದರೆ ಭಾನುವಾರ. ಬತ್ತೇರಿಯ ಕಡವಿನಿಂದ ದೋಣಿ ಹತ್ತಿ ತಣ್ಣೀರುಬಾವಿಗೆ ಹೋಗುತ್ತೇನೆ, ಇಲ್ಲವೇ ಹಳೆ ಬಂದರಿನಲ್ಲಿ ಚಹಾ ಕುಡಿಯುತ್ತಾ ಮಂಜಿ ನಡೆಸುವ ತಂಡೇಲರ ಜತೆ ಕೂರುತ್ತೇನೆ. ನೂಲಹುಣ್ಣಿಮೆಗೆ ಮೊಗವೀರರು ಕಡಲಿಗೆ ಹಾಲೆರೆಯುವಾಗ ತಪ್ಪದೆ ಹೋಗುತ್ತೇನೆ. ಹಿರಿಯ ತಂಡೇಲರಿಗೆ ದಡದ ಯಾವ ಗುಡ್ಡ, ಯಾವ ಮಿನಾರು ಒಂದೇ ಗೆರೆಗೆ ಬಂದಾಗ ಅಳಿವೆಗೆ ತಿರುಗಬೇಕೆಂಬುದು ಬಾಯಿಪಾಠ. ಈಗಿನ ಹುಡುಗರ ಕೈಯಲ್ಲಿ ಜಿಪಿಎಸ್ ಇದೆ. ಆ ಪಾಠ ಯಾರಿಗೂ ದಾಟುತ್ತಿಲ್ಲ. ಹ್ಯೂಸ್‌ನ ವರದಿ ಲಂಡನ್ನಿನಲ್ಲಿ ಭದ್ರವಾಗಿದೆ. ಆ ಗುರಾಬನ್ನು ಒಳಗೆ ತಂದವನ ತಿಳಿವಳಿಕೆಗೆ ಅಂಥ ಕಪಾಟಿಲ್ಲ.

ಈ ಸಭೆಯಲ್ಲಿ ಬೋಳಾರ, ಬೆಂಗ್ರೆ, ಉಳ್ಳಾಲ ಕಡೆಯವರು ಇದ್ದೀರಿ. ನಿಮ್ಮ ಮನೆಯಲ್ಲಿ ಮಂಜಿ ನಡೆಸಿದ ಅಜ್ಜ, ಮಾವ, ಕಾಕ ಇದ್ದರೆ, ಅಥವಾ ಹಳೆಯ ಸರಕಿನ ಲೆಕ್ಕದ ಪುಸ್ತಕ ಅಟ್ಟದಲ್ಲಿದ್ದರೆ, ದಯವಿಟ್ಟು ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಕಾಣಿ. ಧ್ವನಿಮುದ್ರಣದ ಯಂತ್ರ ಚೀಲದಲ್ಲೇ ಇದೆ. ನೀವು ಹೇಳಿದ ದಿನ, ಹೇಳಿದ ಹೊತ್ತಿಗೆ ನಿಮ್ಮ ಮನೆಗೆ ಬರುತ್ತೇನೆ.