ಕೊಟ್ಟಿಗೆಯ ದುಡಿಮೆಗೂ ಲೆಕ್ಕವಿರಲಿ

(ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ನಾನು ನಿಮ್ಮೆದುರು ನಿಂತಾಗಲೆಲ್ಲ ಕೆಚ್ಚಲು ಬಾವು, ಜಂತುನಾಶಕ, ಖನಿಜ ಮಿಶ್ರಣ ಇವುಗಳ ಬಗ್ಗೆಯೇ ಮಾತನಾಡುತ್ತೇನೆ. ಇಂದು ರಾಸುಗಳ ವಿಷಯ ಸ್ವಲ್ಪ ಬದಿಗಿಟ್ಟು, ರಾಸು ಸಾಕುವವರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಮ್ಮ ದೇಶದಲ್ಲಿ ದುಡಿಯುವವರು ಎಷ್ಟು, ಅವರಲ್ಲಿ ಗಂಡಸರೆಷ್ಟು, ಹೆಂಗಸರೆಷ್ಟು, ಯಾವ ವಯಸ್ಸಿನವರು ಎಂಬ ಲೆಕ್ಕದ ವಿಷಯವಿದು. ಲೆಕ್ಕ ಬರೆಯುವುದು ದೆಹಲಿಯಲ್ಲಾದರೂ ಅದು ಹುಟ್ಟುವುದು ನಿಮ್ಮ ಮನೆಯ ಜಗುಲಿಯ ಮೇಲೆ.

ಕೆಲವು ವರ್ಷಗಳ ಹಿಂದೆ ಒಂದು ಮನೆಗೆ ಹೋಗಿದ್ದೆ. ಮೂರು ಸಲ ಕೃತಕ ಗರ್ಭಧಾರಣೆ ಮಾಡಿಸಿದರೂ ಹಸು ಗಬ್ಬ ಕಟ್ಟಿರಲಿಲ್ಲ. "ಹಸು ನೋಡಿಕೊಳ್ಳುವವರು ಯಾರು?" ಎಂದು ಕೇಳಿದೆ. "ನಾನೇ ಸಾರ್" ಎಂದರು ಯಜಮಾನರು. "ಬೆದೆಗೆ ಬಂದದ್ದು ಯಾವಾಗ?" ಎಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, ಒಳಗೆ ತಿರುಗಿ, "ಲೇ, ಹಸ ಕೂಗಿದ್ದು ಯಾವತ್ತೇ?" ಎಂದು ಕೇಳಿದರು. ಒಳಗಿನಿಂದ ಉತ್ತರ ಬಂತು: "ಹೋದ ತಿಂಗಳು ಹುಣ್ಣಿಮೆ ಮಾರನೇ ದಿನ, ಬೆಳಗಿನ ಜಾವ. ಸಂಜೆಗೇ ಡಾಕ್ಟ್ರನ್ನ ಕರೆಸಿ ಅಂದೆ. ನೀವು ಮಾರನೇ ದಿನ ಸಂತೆ ಮುಗಿಸ್ಕೊಂಡು ಕರೆಸಿದ್ರಿ."

ಬೆಳಿಗ್ಗೆ ಬೆದೆಗೆ ಬಂದ ಹಸುವಿಗೆ ಅಂದೇ ಸಂಜೆ ಗರ್ಭಧಾರಣೆ ಮಾಡಿಸಬೇಕೆಂಬುದು ನಮ್ಮ ಪಾಠ. ಹಸು ಏಕೆ ಗಬ್ಬ ಕಟ್ಟುತ್ತಿಲ್ಲ ಎಂಬುದಕ್ಕೆ ನಾನು ಕೈಗವಸು ಹಾಕುವ ಮೊದಲೇ ಆ ತಾಯಿ ಕಾರಣ ಹೇಳಿಬಿಟ್ಟಿದ್ದರು. ಅವರು ಬೂಸಾ ಕಲಸಿದ ಬಕೆಟ್ ಹಿಡಿದು ಹೊರಗೆ ಬಂದಾಗ, "ನೀವು ಏನು ಕೆಲಸ ಮಾಡ್ತೀರಮ್ಮ?" ಎಂದು ಕೇಳಿದೆ. "ನಮ್ದೇನು ಕೆಲಸ ಸಾರ್, ಮನೇಲೇ ಇರೋದು" ಎಂದರು.

ಈ ಒಂದು ಮಾತು ದೇಶದ ಲೆಕ್ಕವನ್ನೇ ಏರುಪೇರು ಮಾಡುತ್ತದೆ. ಹೇಗೆಂದು ನೋಡೋಣ.

ರಾಷ್ಟ್ರೀಯ ಅಂಕಿಅಂಶ ಕಚೇರಿಯವರು 2017ರಿಂದ ದುಡಿಮೆಯ ಬಗ್ಗೆ ದೇಶಾದ್ಯಂತ ಸಮೀಕ್ಷೆ ನಡೆಸುತ್ತಿದ್ದಾರೆ. ಅದರಲ್ಲಿ ಜನರನ್ನು ಮೂರು ಗುಂಪು ಮಾಡುತ್ತಾರೆ. ದುಡಿಯುವವರು ಒಂದು ಗುಂಪು. ಕೆಲಸ ಬೇಕೆಂದು ಹುಡುಕುತ್ತಿರುವವರು ಎರಡನೆಯದು. ನಿರುದ್ಯೋಗಿಗಳೆಂದರೆ ಇವರು ಮಾತ್ರ. ಓದುವವರು, ಮನೆಗೆಲಸದವರು, ವಯಸ್ಸಾಗಿ ಕುಳಿತವರು ಮೂರನೆಯದು. "ಮನೇಲೇ ಇರೋದು" ಎಂದ ತಾಯಿ ದುಡಿಯುವವರ ಪಟ್ಟಿಯಲ್ಲೂ ಇಲ್ಲ, ನಿರುದ್ಯೋಗಿಗಳ ಪಟ್ಟಿಯಲ್ಲೂ ಇಲ್ಲ. ಮೂರನೆಯ ಗುಂಪಿಗೆ ಹೋಗಿ ಬೀಳುತ್ತಾರೆ.

2017-18ರ ಸಮೀಕ್ಷೆಯಂತೆ 15 ವರ್ಷ ಮತ್ತು ಮೇಲ್ಪಟ್ಟ 100 ಗಂಡಸರಲ್ಲಿ ದುಡಿಯುವವರು 71 ಮಂದಿ. 100 ಹೆಂಗಸರಲ್ಲಿ ಕೇವಲ 22. 2023-24ರಲ್ಲಿ ಗಂಡಸರು 76, ಹೆಂಗಸರು 40. ಆರು ವರ್ಷದಲ್ಲಿ ಹೆಂಗಸರ ಸಂಖ್ಯೆ ಹೆಚ್ಚುಕಡಿಮೆ ಎರಡರಷ್ಟಾಯಿತು. ಸಂತೋಷ. ಆದರೆ 2023-24ರಲ್ಲಿ ದುಡಿಯುವ ಹೆಂಗಸರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಮನೆಯ ಜಮೀನು, ಅಂಗಡಿ, ಕೊಟ್ಟಿಗೆಗಳಲ್ಲಿ ಸಂಬಳವಿಲ್ಲದೆ ದುಡಿಯುವ ಸಹಾಯಕರು. ಅವರ ದುಡಿಮೆ ಪುಸ್ತಕಕ್ಕೆ ಬಂತು, ಹಣ ಅವರ ಕೈಗೆ ಬರಲಿಲ್ಲ.

ವಯಸ್ಸಿನ ಲೆಕ್ಕವನ್ನೂ ನೋಡಿ. ಮೂವತ್ತರಿಂದ ಐವತ್ತು ವರ್ಷದ ಗಂಡಸರಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ದುಡಿಯುತ್ತಾರೆ. ಹೆಂಗಸರ ಪ್ರಮಾಣ ಹಾಗಲ್ಲ. ಹದಿವಯಸ್ಸಿನಲ್ಲಿ ಕಡಿಮೆ, ಹೆಣ್ಣುಮಕ್ಕಳು ಓದುತ್ತಿರುವುದರಿಂದ ಅದು ಒಳ್ಳೆಯದೇ. ಮದುವೆ, ಬಾಣಂತನದ ವಯಸ್ಸಿನಲ್ಲೂ ಕಡಿಮೆಯೇ. ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ, ಮೂವತ್ತೈದರ ನಂತರ, ಅದು ಮೇಲಕ್ಕೆ ಹೋಗುತ್ತದೆ. ಆಗಲೂ ಗಂಡಸರ ಮಟ್ಟ ಮುಟ್ಟುವುದಿಲ್ಲ. ಇನ್ನು 15ರಿಂದ 29 ವರ್ಷದವರ ಕಥೆ ಬೇರೆ. 2023-24ರಲ್ಲಿ ಎಲ್ಲ ವಯಸ್ಸಿನವರನ್ನು ಸೇರಿಸಿದರೆ ನಿರುದ್ಯೋಗ ನೂರಕ್ಕೆ 3.2, ಈ ವಯಸ್ಸಿನವರಲ್ಲಿ ಮಾತ್ರ 10.2. ನಾನು ಓಡಾಡುವ ಹಳ್ಳಿಗಳಲ್ಲಿ ಇದನ್ನು ಕಣ್ಣಾರೆ ಕಾಣುತ್ತೇನೆ. ಮಗ ಪೇಟೆಯಲ್ಲಿ ಕೆಲಸ ಹುಡುಕುತ್ತಿರುತ್ತಾನೆ. ಅರವತ್ತು ದಾಟಿದ ತಾಯಿ ಮೂರು ಹಸು ಕರೆಯುತ್ತಿರುತ್ತಾರೆ. ಮಗ ನಿರುದ್ಯೋಗಿ ಎಂದು ಬರೆಸಿಕೊಳ್ಳುತ್ತಾನೆ, ತಾಯಿ ಏನೂ ಇಲ್ಲ ಎಂದು.

ದುಡಿಮೆಯ ಭಾರ ಎಷ್ಟೆಂಬುದಕ್ಕೂ ಲೆಕ್ಕವಿದೆ. ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು 2024ರಲ್ಲಿ ಇದೇ ಕಚೇರಿ ಸಮೀಕ್ಷೆ ಮಾಡಿತು. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಅದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ; ಹಾಕದವರು ಇದರಲ್ಲಿಲ್ಲ! ಹಾಲು ಕರೆದು ಡೇರಿಗೆ ಹಾಕುವ ದುಡಿಮೆ ಈ 289 ನಿಮಿಷಕ್ಕೆ ಸೇರಿಲ್ಲ. ಅದು ಬೇರೆ.

"ಬರೆದರೇನು, ಬಿಟ್ಟರೇನು? ಹಸು ಹಾಲು ಕೊಡುತ್ತದಲ್ಲ" ಎಂದು ನೀವು ಕೇಳಬಹುದು. ಇದಕ್ಕೆ ನನ್ನದೇ ತಪ್ಪನ್ನು ಉದಾಹರಣೆಯಾಗಿ ಕೊಡುತ್ತೇನೆ. ಸೇವೆಗೆ ಸೇರಿದ ಹೊಸದರಲ್ಲಿ ಕೆಚ್ಚಲು ಬಾವಿನ ಬಗ್ಗೆ ಶಿಬಿರ ನಡೆಸುತ್ತಿದ್ದೆ. ಸದಸ್ಯರ ಪಟ್ಟಿ ನೋಡಿ ಹೇಳಿಕಳುಹಿಸುತ್ತಿದ್ದೆ. ಪಟ್ಟಿಯಲ್ಲಿದ್ದವರು ಬಹುತೇಕ ಗಂಡಸರು. ಬಂದರು, ಕೇಳಿದರು, ಊಟ ಮಾಡಿ ಹೋದರು. ಮೊದಲ ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ, ಗರಣೆ ಇದೆಯೇ ನೋಡಬೇಕು. ಕರೆದ ಮೇಲೆ ಮೊಲೆತೊಟ್ಟುಗಳನ್ನು ಔಷಧಿ ದ್ರಾವಣದಲ್ಲಿ ಅದ್ದಬೇಕು. ಹಸು ಅರ್ಧ ಗಂಟೆ ಮಲಗದಂತೆ ಮೇವು ಹಾಕಿ ನಿಲ್ಲಿಸಬೇಕು ಎಂದೆಲ್ಲ ವಿವರಿಸಿದ್ದೆ. ಕೆಲವೇ ತಿಂಗಳಲ್ಲಿ, ಶಿಬಿರಕ್ಕೆ ಬಂದಿದ್ದವರೊಬ್ಬರ ಮನೆಯಿಂದ ಕರೆ ಬಂತು. ಅವರಿಗಿದ್ದದ್ದು ಒಂದೇ ಹಸು. ನಾನು ಹೋಗುವ ಹೊತ್ತಿಗೆ ಎರಡು ಮೊಲೆ ಕಲ್ಲಾಗಿದ್ದವು. ಉಳಿಸಲು ಆಗಲಿಲ್ಲ. "ಮೊದಲ ಧಾರೆ ಹಿಂಡಿ ನೋಡಬೇಕಿತ್ತಲ್ಲಮ್ಮ" ಎಂದೆ. "ನಮಗೆ ಯಾರು ಹೇಳಿದ್ರು ಸಾರ್?" ಎಂದರು ಆ ಹೆಣ್ಣುಮಗಳು. ನಾನು ಹೇಳಿದ್ದೆ, ಹಾಲು ಕರೆಯದವರಿಗೆ ಹೇಳಿದ್ದೆ. ಅದರ ದಂಡ ತೆತ್ತವರು ಆ ತಾಯಿ.

ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ತರಬೇತಿ ಇಲ್ಲ, ಮತವಿಲ್ಲ, ಬೋನಸ್ ಇಲ್ಲ. ಆದ್ದರಿಂದ ನಾಲ್ಕು ಸಲಹೆಗಳನ್ನು ಕೊಡುತ್ತೇನೆ.

1. ಸಮೀಕ್ಷೆಯವರು ಬಂದಾಗ "ಮನೇಲೇ ಇದ್ದಾರೆ" ಎನ್ನಬೇಡಿ. ಅವರ ನಮೂನೆಯಲ್ಲಿ 92 ಎಂದರೆ ಮನೆಗೆಲಸ ಮಾತ್ರ. 21 ಎಂದರೆ ಮನೆಯ ಉದ್ಯಮದಲ್ಲಿ ಸಹಾಯಕರು. 11 ಎಂದರೆ ಸ್ವಂತ ಉದ್ಯಮ ನಡೆಸುವವರು. ಮುಖ್ಯ ಕೆಲಸ ಮನೆಗೆಲಸವೇ ಆದರೂ, ವರ್ಷದಲ್ಲಿ 30 ದಿನವಾದರೂ ಉತ್ಪಾದನೆಯ ಕೆಲಸ ಮಾಡಿದವರನ್ನು ಉಪಕಸುಬಿನ ಲೆಕ್ಕದಲ್ಲಿ ದುಡಿಯುವವರೆಂದೇ ಬರೆಯಬೇಕು. ಹಸು ಮಾತ್ರ ವರ್ಷದ 365 ದಿನವೂ ಮೇವು ಕೇಳುತ್ತದೆ. 2011ರ ಜನಗಣತಿಯಲ್ಲಿ, ಬರೀ ಮನೆ ಬಳಕೆಗೆ ಹಾಲು ಉತ್ಪಾದಿಸುವುದನ್ನೂ ಕೆಲಸವೆಂದೇ ಪರಿಗಣಿಸಲಾಗಿತ್ತು.

2. ಹಸು ನೋಡಿಕೊಳ್ಳುವವರ ಹೆಸರಿನಲ್ಲೇ ಸಂಘದ ಸದಸ್ಯತ್ವ, ಪಾಸ್ ಪುಸ್ತಕ, ಬ್ಯಾಂಕ್ ಖಾತೆ ಮಾಡಿಸಿ. ಯಜಮಾನರು ತೀರಿಕೊಂಡ ಮೇಲೆ ಹೆಸರು ಬದಲಾಯಿಸಲು ಓಡಾಡುವ ಕಷ್ಟ ಶತ್ರುವಿಗೂ ಬೇಡ.

3. ಶಿಬಿರಕ್ಕೆ ಹಾಲು ಕರೆಯುವವರನ್ನೇ ಕಳುಹಿಸಿ. ಬೆಳಗಿನ ಕೆಲಸ ಮುಗಿದು ಸಂಜೆಯ ಕೆಲಸ ಶುರುವಾಗುವ ನಡುವಿನ ಹೊತ್ತಿನಲ್ಲೇ ಶಿಬಿರ ಇಡುವುದು ನನ್ನ ಜವಾಬ್ದಾರಿ.

4. ಗಂಡುಮಕ್ಕಳಿಗೂ ಕೊಟ್ಟಿಗೆ ಕೆಲಸ ಕಲಿಸಿ. ಸಗಣಿ ಬಾಚಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಹೆಣ್ಣುಮಕ್ಕಳನ್ನು ಕೊಟ್ಟಿಗೆಗಾಗಿ ಶಾಲೆ ಬಿಡಿಸಬೇಡಿ.

ನಮ್ಮ ಸಂಘದಲ್ಲಿ ಅರ್ಧ ಲೀಟರ್ ಹಾಲನ್ನೂ ಅಳೆದು, ಜಿಡ್ಡು ನೋಡಿ, ಬರೆದುಕೊಳ್ಳುತ್ತೇವೆ. ಹತ್ತು ಪೈಸೆ ತಪ್ಪಿದರೂ ಕಾರ್ಯದರ್ಶಿಗಳನ್ನು ಕೇಳುತ್ತೀರಿ, ಕೇಳಬೇಕಾದದ್ದೇ. ಹಾಲು ಕರೆದ ಕೈಯ ಲೆಕ್ಕವನ್ನೂ ಅಷ್ಟೇ ನಿಖರವಾಗಿ ಕೇಳಿ. ಸಂಜೆ ಹಾಲು ಕರೆಯುವ ಹೊತ್ತಾಯಿತು, ಹಸುಗಳು ಕಾಯುತ್ತಿರುತ್ತವೆ. ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ.