ಮನೆಯಲ್ಲೇ ಒಡವೆ, ಕೈಯಾರೆ ಕಾಣಿಕೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿನಿಯರ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)

ನನಗಿಂತ ಮೊದಲು ಮಾತನಾಡಿದವರಲ್ಲಿ ಒಬ್ಬರು ಡಾಕ್ಟರು, ಒಬ್ಬರು ಕಾಲೇಜಿನಲ್ಲಿ ಪಾಠ ಮಾಡುವವರು. ನಾನು ಬಳೆ ಮಾಡುವವಳು. ಬಳೆ, ಓಲೆ, ಕೊರಳ ಸರ, ಸೀಮಂತಕ್ಕೆ, ಗೃಹಪ್ರವೇಶಕ್ಕೆ ಬಂದವರ ಕೈಗೆ ಕೊಡುವ ಸಣ್ಣ ಕಾಣಿಕೆ, ಇಷ್ಟೇ ನನ್ನ ಕಸುಬು. ಈ ಗೋಷ್ಠಿಗೆ ನನ್ನನ್ನು ಕರೆದಾಗ "ಸಾಧನೆಯ ಬಗ್ಗೆ ಮಾತಾಡಿ" ಎಂದರು. ಸಾಧನೆ ಎಂಬ ಮಾತು ನನಗೆ ದೊಡ್ಡದಾಯಿತು. ಕೆಲಸದ ಬಗ್ಗೆ ಮಾತಾಡುತ್ತೇನೆ ಎಂದು ಒಪ್ಪಿಕೊಂಡು ಬಂದಿದ್ದೇನೆ.

ನಮ್ಮ ಕಾಲದಲ್ಲಿ ಇಲ್ಲಿ ವಾರಕ್ಕೆ ಎರಡು ಪಿರಿಯಡ್ ಎಸ್‌ಯುಪಿಡಬ್ಲ್ಯು ಇರುತ್ತಿತ್ತು. ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂದು ಅದರ ಪೂರ್ತಿ ಹೆಸರು. ನಮಗೆ ಅದು "ಹೊಲಿಗೆ ಅಕ್ಕೋರ ಕ್ಲಾಸು". ಗಂಡುಹುಡುಗರು ಹೊರಗೆ ಗಿಡಕ್ಕೆ ಪಾತಿ ಮಾಡುತ್ತಿದ್ದರು, ನಾವು ಒಳಗೆ ಕರವಸ್ತ್ರದ ಮೇಲೆ ಕಸೂತಿ ಹಾಕುತ್ತಿದ್ದೆವು. ಅಕ್ಕೋರು ಮೊದಲು ಬಟ್ಟೆಯ ಮುಂಭಾಗ ನೋಡುತ್ತಿರಲಿಲ್ಲ, ತಿರುವಿ ಹಿಂಭಾಗ ನೋಡುತ್ತಿದ್ದರು. ಧಾರವಾಡದ ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣಬೇಕು. ಎಳೆ ಎಣಿಸಿ ಹಾಕಬೇಕು, ಪೆನ್ಸಿಲ್ ಗೆರೆ ಹಾಕಿಕೊಳ್ಳುವಂತಿಲ್ಲ. ಇವತ್ತಿಗೂ ಯಾರಾದರೂ ಓಲೆ ತಂದು ತೋರಿಸಿದರೆ ನನ್ನ ಕೈ ತಾನಾಗಿಯೇ ಅದನ್ನು ಹಿಂದೆ ತಿರುಗಿಸುತ್ತದೆ. ಅಂಟು ಎಲ್ಲಿ ಸೋರಿದೆ, ತಂತಿಯ ತುದಿ ಎಲ್ಲಿ ಚುಚ್ಚುತ್ತದೆ ಎಲ್ಲ ಹಿಂಬದಿಯಲ್ಲೇ ಗೊತ್ತಾಗುವುದು. ಅಕ್ಕೋರು ನಿವೃತ್ತರಾದ ಮೇಲೆ ಅವರ ಜಾಗಕ್ಕೆ ಯಾರೂ ಬರಲಿಲ್ಲ. ಅದರ ಬಗ್ಗೆ ಕಡೆಗೆ ಹೇಳುತ್ತೇನೆ.

ಮೊದಲು ಬಳೆ. ರೇಷ್ಮೆ ದಾರದ ಬಳೆ ನೀವೆಲ್ಲ ನೋಡಿದ್ದೀರಿ, ಮುಂದಿನ ಸಾಲಿನಲ್ಲೇ ನಾಲ್ಕಾರು ಕೈಗಳಲ್ಲಿ ಕಾಣುತ್ತಿವೆ. ಹೆಸರಿಗೆ ರೇಷ್ಮೆ. ಅಂಗಡಿಯಲ್ಲಿ ಸಿಗುವ ಉಂಡೆಗಳಲ್ಲಿ ಹೆಚ್ಚಿನವು ಕೃತಕ ನೂಲು. ಪರೀಕ್ಷೆ ಸುಲಭ, ವಿಜ್ಞಾನದ ಮೇಷ್ಟ್ರು ಮಾಡಿ ತೋರಿಸಬಹುದು: ಒಂದು ಎಳೆಗೆ ಬೆಂಕಿ ತಾಗಿಸಿ. ಅಸಲಿ ರೇಷ್ಮೆ ಕೂದಲು ಸುಟ್ಟ ವಾಸನೆ ಬಿಡುತ್ತದೆ, ಬೂದಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ರೇಯಾನ್ ಆದರೆ ಕಾಗದ ಸುಟ್ಟ ವಾಸನೆ. ಪಾಲಿಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಬಳೆಗೆ ಕೃತಕ ನೂಲು ಸಾಕು. ಆದರೆ ಕೊಳ್ಳುವವರು "ಇದು ರೇಷ್ಮೆನಾ?" ಎಂದು ಕೇಳಿದರೆ ಅಲ್ಲ ಎಂದೇ ಹೇಳಬೇಕು.

ಅಂಗಡಿಯಲ್ಲಿ ಸಾದಾ ಪ್ಲಾಸ್ಟಿಕ್ ಬಳೆ ತನ್ನಿ. ಅಳತೆಯಲ್ಲಿ ಒಂದು ತಮಾಷೆ ಇದೆ. 2-4, 2-6, 2-8 ಎಂದು ಹೇಳುತ್ತಾರಲ್ಲ, ಅದು ದಶಮಾಂಶ ಅಲ್ಲ. ಒಳವ್ಯಾಸ ಎರಡು ಇಂಚು, ಮೇಲೆ ಇಂಚಿನ 16 ಭಾಗದಲ್ಲಿ ನಾಲ್ಕು, ಆರು ಅಥವಾ ಎಂಟು. ಹಿಂದೆ ರೂಪಾಯಿಗೆ 16 ಆಣೆ ಇದ್ದ ಹಾಗೆ. ಅಂದರೆ 2-4 ಎಂದರೆ ಎರಡೂ ಕಾಲು ಇಂಚು, 2-8 ಎಂದರೆ ಎರಡೂವರೆ. 2-10 ಅದಕ್ಕಿಂತ ದೊಡ್ಡದು, ಗಣಿತದ ಪ್ರಕಾರ 2.10 ಎಂದು ಓದಿಕೊಂಡು ಚಿಕ್ಕದೆಂದು ತಿಳಿಯಬೇಡಿ! ದಾರ ಸುತ್ತಿದ ಮೇಲೆ ಒಳಗಿನ ಜಾಗ ಸ್ವಲ್ಪ ಕಡಿಮೆಯಾಗುತ್ತದೆ, ಕೈಗೆ ಬಿಗಿ ಎನ್ನುವವರಿಗೆ ಒಂದಳತೆ ಹೆಚ್ಚಿನದು ತೆಗೆದುಕೊಳ್ಳಿ.

ದಾರವನ್ನು ಒಂದು ರಟ್ಟಿಗೆ ಇಪ್ಪತ್ತೈದು ಮೂವತ್ತು ಸುತ್ತು ಸುತ್ತಿ ಒಂದು ಕಡೆ ಕತ್ತರಿಸಿದರೆ ಎಳೆಗಳ ಪಟ್ಟಿ ಸಿಗುತ್ತದೆ. ತುದಿಗೆ ಗಮ್ ಹಚ್ಚಿ ಬಳೆಯ ಒಳಮೈಗೆ ಅಂಟಿಸಿ, ಒಣಗುವ ತನಕ ಬಟ್ಟೆಯ ಕ್ಲಿಪ್ ಹಾಕಿ ಬಿಡಿ. ಆಮೇಲೆ ಎಳೆಗಳು ತಿರುಚಿಕೊಳ್ಳದ ಹಾಗೆ, ಚಪ್ಪಟೆಯಾಗಿ, ಒಂದರ ಅಂಚಿನ ಮೇಲೆ ಇನ್ನೊಂದು ಕೂರುವಂತೆ ಸುತ್ತುತ್ತಾ ಹೋಗಿ. ತಿರುಚಿದರೆ ಹೊಳಪು ಹೋಯಿತು. ಗಮ್ ಹೆಚ್ಚಾದರೆ ದಾರ ಕಪ್ಪಾಗಿ ಕಲೆ ಬಿಡುತ್ತದೆ. ಕಲ್ಲು ಅಂಟಿಸುವಾಗ ಕ್ಷಣದಲ್ಲಿ ಕಚ್ಚಿಕೊಳ್ಳುವ ಗಮ್ ಬೇಡ. ಸುತ್ತ ಬಿಳಿ ಮಂಜಿನ ಹಾಗೆ ಕೂತುಬಿಡುತ್ತದೆ, ಬೆರಳಿನ ಚರ್ಮ ಕಿತ್ತು ಬರುತ್ತದೆ. ಬಟ್ಟೆಗೆ ಹಾಕುವ ಗಮ್ ನಿಧಾನ, ಆದರೆ ನಂಬಬಹುದು.

ಮಣ್ಣಿನ ಒಡವೆಯ ವಿಷಯಕ್ಕೆ ಬಂದರೆ, ನಮ್ಮ ಭಾಗದ ಮಕ್ಕಳಿಗೆ ನಾನು ಹೊಸದಾಗಿ ಕಲಿಸುವುದು ಕಡಿಮೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈಗೆ, ಆಷಾಢದ ಮಂಗಳವಾರ ಗುಳ್ಳವ್ವನನ್ನು ಮಾಡಿದ ಕೈಗೆ ಮಣ್ಣಿನ ಹದ ಗೊತ್ತೇ ಇದೆ. ಎತ್ತಿನ ಕೋಡು ಮುರಿಯದ ಹಾಗೆ ಮಾಡಬಲ್ಲವರಿಗೆ ಜುಮಕಿ ಏನು ದೊಡ್ಡದು? ಮಣ್ಣನ್ನು ನೆನೆಹಾಕಿ ತೆಳು ಬಟ್ಟೆಯಲ್ಲಿ ಸೋಸಬೇಕು. ರೊಟ್ಟಿಯ ಹಿಟ್ಟಿನ ಹಾಗೆ ಚೆನ್ನಾಗಿ ನಾದಬೇಕು. ಒಳಗೆ ಗಾಳಿ ಉಳಿಯಬಾರದು. ಹಸಿ ಇರುವಾಗಲೇ ಕಸಬರಿಗೆ ಕಡ್ಡಿಯಿಂದ ತೂತು ಮಾಡಿ. ಬಿಸಿಲಿಗೆ ಇಟ್ಟರೆ ಬಿರುಕು ಬಿಡುತ್ತದೆ, ನೆರಳಲ್ಲಿ ನಾಲ್ಕೈದು ದಿನ ಒಣಗಲಿ. ಒಳಗೆ ಸ್ವಲ್ಪ ತೇವ ಉಳಿದಿದ್ದರೂ ಬೆಂಕಿಯಲ್ಲಿ ಪಟಾರೆಂದು ಸಿಡಿಯುತ್ತದೆ.

ಸುಡುವುದೇ ಕಷ್ಟದ ಕೆಲಸ. ಗ್ಯಾಸ್ ಒಲೆಯ ಮೇಲೆ ಹಂಚಿನಲ್ಲಿ ಇಟ್ಟರೆ ಮಣ್ಣು ಒಣಗುತ್ತದೆ, ಬೇಯುವುದಿಲ್ಲ. ಸುಮಾರು 600 ಡಿಗ್ರಿ ದಾಟಿದ ಮೇಲೆಯೇ ಮಣ್ಣು ತನ್ನ ಗುಣ ಬದಲಿಸಿ ಮತ್ತೆ ನೀರಿನಲ್ಲಿ ಕರಗದಂತಾಗುವುದು. ನಾನು ಕುಂಬಾರ ಓಣಿಯ ಅಜ್ಜನ ಆವಿಗೆಯಲ್ಲಿ ಒಂದು ಮೂಲೆ ಕೇಳಿಕೊಂಡೆ. ಒಂದು ಒಡೆದ ಗಡಿಗೆಯಲ್ಲಿ ನನ್ನ ಮಣಿಗಳನ್ನು ತುಂಬಿ ಕೊಡುತ್ತೇನೆ, ಅವರು ತಮ್ಮ ಕೊಡಗಳ ಜೊತೆ ಸುಟ್ಟು ಕೊಡುತ್ತಾರೆ. ಗಾಳಿ ಆಡಿದ ಕಡೆ ಇದ್ದವು ಕೆಂಪು, ಹೊಗೆಯಲ್ಲಿ ಮುಚ್ಚಿ ಹೋದವು ಕಪ್ಪು. ಎರಡೂ ಮಾರಾಟವಾಗುತ್ತವೆ. ಬೆಂದಿದೆಯೋ ಇಲ್ಲವೋ ನೋಡಲು ಒಂದು ಮಣಿಯನ್ನು ರಾತ್ರಿಯಿಡೀ ನೀರಿನಲ್ಲಿ ಹಾಕಿಡಿ. ಬೆಳಗ್ಗೆ ಮಣಿ ಇದ್ದರೆ ಬೆಂದಿದೆ, ಕೆಸರಿದ್ದರೆ ಇಲ್ಲ.

ಕಾಗದದ ಸುರುಳಿ ಓಲೆ, ಅಂದರೆ ಕ್ವಿಲ್ಲಿಂಗ್, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊಬೈಲಿನಲ್ಲಿ ನೋಡಿ ನೀವೇ ಕಲಿತಿದ್ದೀರಿ. ವಾರ್ನಿಶ್ ಹಚ್ಚದೆ ಹಾಕಿಕೊಂಡು ಮಳೆಯಲ್ಲಿ ಹೋಗಬೇಡಿ ಅಷ್ಟೆ.

ಆದರೆ ಎರಡು ವಿಷಯದಲ್ಲಿ ಎಚ್ಚರ ಬೇಕು, ಇದನ್ನು ತಾಯಂದಿರೂ ಕೇಳಿಸಿಕೊಳ್ಳಿ. ಒಂದು ಗುಲಗಂಜಿ. ಕೆಂಪು ಮೈ, ಕಪ್ಪು ಚುಕ್ಕೆ, ಅಕ್ಕಸಾಲಿಗರು ಬಂಗಾರ ತೂಗಲು ಬಳಸುತ್ತಿದ್ದ ಬೀಜ. ನೋಡಲು ಇದಕ್ಕಿಂತ ಚೆಂದದ ಮಣಿ ಇಲ್ಲ. ಆದರೆ ಒಳಗೆ ಘೋರ ವಿಷ ಇದೆ. ಇಡಿಯಾಗಿ ಇರುವ ತನಕ ಗಟ್ಟಿ ಸಿಪ್ಪೆ ಅದನ್ನು ಹಿಡಿದಿಡುತ್ತದೆ. ಸರ ಪೋಣಿಸಲು ತೂತು ಮಾಡಿದರೆ ಆ ಕಾವಲು ಹೋಯಿತು. ಮಗು ಬಾಯಿಗೆ ಹಾಕಿ ಅಗಿದರೆ ಪ್ರಾಣಕ್ಕೇ ಅಪಾಯ. ಬೀಜದ ಸರ ಬೇಕಾದರೆ ಪೂರ್ತಿ ಕೆಂಪಗಿರುವ, ಚುಕ್ಕೆ ಇಲ್ಲದ ಆನೆಗುಲಗಂಜಿ ಬಳಸಿ. ಅದನ್ನೂ ಕೂಸುಗಳ ಕೈಗೆ ಕೊಡಬೇಡಿ.

ಇನ್ನೊಂದು ಕಿವಿಯ ಕೊಂಡಿ. ಅಗ್ಗದ ಕೊಂಡಿಗಳಲ್ಲಿ ನಿಕಲ್ ಬೆರೆತಿರುತ್ತದೆ. ಕೆಲವರ ಚರ್ಮಕ್ಕೆ ಅದು ಆಗುವುದಿಲ್ಲ. ತುರಿಕೆ, ನೀರು, ಹುಣ್ಣು. ಆಗ ನಮ್ಮಲ್ಲಿ ಕಿವಿಗೆ ಬೇವಿನ ಕಡ್ಡಿ ಹಾಕಿ ಕೂರಿಸುತ್ತಾರೆ, ವಾಸಿಯಾದ ಮೇಲೆ ಮತ್ತೆ ಅದೇ ಓಲೆ! ಓಲೆ ಮಣ್ಣಿನದಿರಲಿ, ಕಾಗದದ್ದಿರಲಿ, ಕಿವಿಯೊಳಗೆ ಹೋಗುವ ತಂತಿಯಲ್ಲಿ ಮಾತ್ರ ದುಡ್ಡು ಉಳಿಸಬೇಡಿ. ಬೆಳ್ಳಿಯದೋ ನಿಕಲ್ ಇಲ್ಲದ್ದೋ ಕೇಳಿ ತನ್ನಿ.

ಈಗ ದುಡ್ಡಿನ ಮಾತು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಗಡಿಯಾರ ನೋಡಬೇಡಿ.

ನಮ್ಮ ಮನೆಯವರ ಬೆನ್ನಿಗೆ ಪೆಟ್ಟಾಗಿ ಎರಡು ವರ್ಷ ದುಡಿಯಲು ಆಗಲಿಲ್ಲ. ಆ ಎರಡು ವರ್ಷ ಮನೆಯ ಸಂತೆ, ಮಗಳ ಬಸ್ ಪಾಸು, ಔಷಧಿ ಇದೇ ಬಳೆಯಿಂದ ನಡೆದವು. ಅದಕ್ಕೂ ಮೊದಲು ಎಷ್ಟೋ ವರ್ಷ ನಾನು ಇದನ್ನು ಮಾಡುತ್ತಿದ್ದೆ, ಆಗ ಎಲ್ಲರೂ ಅದಕ್ಕೆ "ಹವ್ಯಾಸ" ಎನ್ನುತ್ತಿದ್ದರು. ಕೆಲಸ ಅದೇ, ಕೈ ಅದೇ. ಅನ್ನ ಅದರಿಂದ ಬಂದ ದಿನವೂ ಬೆಲೆ ಹೇಳಿದರೆ ಬರುತ್ತಿದ್ದ ಉತ್ತರ ಮಾತ್ರ ಬದಲಾಗಲಿಲ್ಲ: "ಯಾಕವ್ವಾ ಇಷ್ಟು ರೊಕ್ಕ? ಮನ್ಯಾಗ ಕುಂತು ಮಾಡೂದಲ್ಲ?"

ಲೆಕ್ಕ ಕೇಳಿ. ಒಂದು ಸೆಟ್ಟಿಗೆ ಸಾದಾ ಬಳೆ 25 ರೂಪಾಯಿ, ದಾರ 30, ಕಲ್ಲಿನ ಲೇಸು 40, ಗಮ್ 5, ಡಬ್ಬಿ 20. ಒಟ್ಟು 120. ಕೂತು ಮಾಡಲು ಮೂರು ಗಂಟೆ. ಹೊಲದಲ್ಲಿ ಕಳೆ ತೆಗೆಯಲು ಹೋದರೂ ಗಂಟೆಗೆ 40 ರೂಪಾಯಿ ಬೀಳುತ್ತದೆ ಎಂದು ಹಿಡಿದರೆ ಕೂಲಿ 120. ಹಾಳಾದ ದಾರಕ್ಕೆ, ಒಡೆದ ಕಲ್ಲಿಗೆ 10. ಆಯಿತಲ್ಲ 250? ಇದರಲ್ಲಿ ಲಾಭ ಎಂಬುದು ಇನ್ನೂ ಬಂದೇ ಇಲ್ಲ. ನೂರಕ್ಕೆ ಕೊಟ್ಟರೆ ನನ್ನ ಕೂಲಿಯ ಜೊತೆ ಗಂಟಿನಿಂದ 30 ರೂಪಾಯಿ ಕಟ್ಟಿಕೊಟ್ಟ ಹಾಗೆ. ಈ ಚೀಟಿಯನ್ನು ನಾನು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿ ಇಟ್ಟಿದ್ದೇನೆ. ಯಾರಾದರೂ ಚೌಕಾಶಿ ಮಾಡಿದರೆ ಜಗಳ ಆಡುವುದಿಲ್ಲ, ಮುಚ್ಚಳ ತೆರೆದು ತೋರಿಸುತ್ತೇನೆ. ಕೆಲವರು ಓದಿ ಸುಮ್ಮನೆ ದುಡ್ಡು ಕೊಡುತ್ತಾರೆ. ಕೆಲವರು ಓದಿ ಹೋಗಿಬಿಡುತ್ತಾರೆ. ಹೋದವರನ್ನು ನಾನು ಕೂಗಿ ಕರೆಯುವುದಿಲ್ಲ.

ಜಾತ್ರೆಯಲ್ಲಿ ಯಂತ್ರದ ಬಳೆ 20 ರೂಪಾಯಿಗೆ ಡಜನ್ ಸಿಗುತ್ತದೆ ಎನ್ನುತ್ತೀರಿ. ನಿಜ, ಅದರ ಜೊತೆ ಬೆಲೆಯಲ್ಲಿ ಓಡಲು ಹೋಗಬೇಡಿ, ಸೋಲುತ್ತೀರಿ. ಯಂತ್ರಕ್ಕೆ ಆಗದ ಕೆಲಸ ಯಾವುದೆಂದು ನೋಡಿ. ಇಳಕಲ್ ಸೀರೆಯ ಸೆರಗಿನ ಕೆಂಪಿಗೆ ಸರಿಹೊಂದುವ ಕೆಂಪು, ಎಲ್ಲೂ ಸಿಗದ ದೊಡ್ಡ ಅಳತೆ, ನಾಮಕರಣದ ಕೂಸಿನ ಹೆಸರು, ಇದಕ್ಕೆ ನಮ್ಮ ಹತ್ತಿರವೇ ಬರಬೇಕು. ಸಂಕ್ರಾಂತಿಗೆ ಕುಸುರೆಳ್ಳು ಪೋಣಿಸಿ ಕೂಸಿಗೆ ಒಡವೆ ಮಾಡುವವರು ಈಗ ಓಣಿಗೆ ಒಬ್ಬರೂ ಇಲ್ಲ. ಸಣ್ಣ ಉರಿಯಲ್ಲಿ ಎಳ್ಳಿಗೆ ಪಾಕ ಹನಿಸುತ್ತಾ ಗಂಟೆಗಟ್ಟಲೆ ಕೈಯಾಡಿಸುವ ತಾಳ್ಮೆ ಯಾರಿಗಿದೆ? ಆ ತಾಳ್ಮೆ ಇದ್ದವರಿಗೆ ಡಿಸೆಂಬರಿನಿಂದಲೇ ಆರ್ಡರ್ ಬರುತ್ತದೆ.

ಇನ್ನೊಂದು ಮಾತು, ಇದನ್ನು ಹೇಳಲೆಂದೇ ಮುಖ್ಯವಾಗಿ ನಾನು ಒಪ್ಪಿ ಬಂದದ್ದು. "ಮನೆಯಲ್ಲೇ ಕೂತು ತಿಂಗಳಿಗೆ ಸಾವಿರಾರು ಗಳಿಸಿ, ಸಾಮಾನು ನಾವು ಕೊಡುತ್ತೇವೆ, ಮಾಡಿದ ಮಾಲು ನಾವೇ ಕೊಳ್ಳುತ್ತೇವೆ, ಮೊದಲು ಠೇವಣಿ ಕಟ್ಟಿ" ಎಂದು ಮೊಬೈಲಿಗೆ ಸಂದೇಶ ಬರುತ್ತದೆ. ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಮಂಗಳಸೂತ್ರದ ಗುಂಡು ಒತ್ತೆ ಇಟ್ಟು ದುಡ್ಡು ಕಟ್ಟಿದಳು. ಮಣಿ, ದಾರ ಬಂತು. ತಿಂಗಳು ಕೂತು ಸರ ಪೋಣಿಸಿ ಕಳಿಸಿದಳು. "ಗುಣಮಟ್ಟ ಸರಿ ಇಲ್ಲ" ಎಂದು ಎಲ್ಲವನ್ನೂ ಬೇಡವೆಂದರು, ಠೇವಣಿಯೂ ಹೋಯಿತು. ಆ ಸರಗಳನ್ನು ನಾನು ಹಿಂದೆ ಮುಂದೆ ತಿರುಗಿಸಿ ನೋಡಿದ್ದೇನೆ. ಒಂದು ಗಂಟೂ ಸಡಿಲ ಇರಲಿಲ್ಲ. ಅವರ ವ್ಯಾಪಾರ ಸರದ್ದಲ್ಲ, ಠೇವಣಿಯದ್ದು. ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು, ನೀವು ಅವರಿಗೆ ಕೊಡುವುದಲ್ಲ. ಆ ಸರಗಳನ್ನು ನಾವು ನಾಲ್ಕು ಜನ ಸೇರಿ ಸಂತೆಯಲ್ಲಿ ಮಾರಿದೆವು. ಗುಂಡು ಬಿಡಿಸಿಕೊಳ್ಳಲು ಅವಳಿಗೆ ಮತ್ತೂ ಒಂಬತ್ತು ತಿಂಗಳು ಹಿಡಿಯಿತು.

ಇದರಿಂದ ಸಿರಿವಂತರಾಗುತ್ತೀರಿ ಎಂದು ನಾನು ಹೇಳುವುದಿಲ್ಲ. ಓದು ಬಿಟ್ಟು ಇದನ್ನು ಮಾಡಿ ಎಂದಂತೂ ಹೇಳುವುದೇ ಇಲ್ಲ. ನನ್ನ ಜೊತೆ ಎಂಟನೆಯ ತರಗತಿಗೆ ಸೇರಿದ ಹುಡುಗಿಯರಲ್ಲಿ ಅರ್ಧದಷ್ಟೂ ಜನ ಹತ್ತನೆಯ ತರಗತಿಗೆ ಬರಲಿಲ್ಲ. ಅವರಲ್ಲಿ ನನಗಿಂತ ಚೆಂದ ಕಸೂತಿ ಹಾಕುವವರಿದ್ದರು. ಪುಸ್ತಕದ ದುಡ್ಡಿಗೆ, ಪ್ರವಾಸದ ದುಡ್ಡಿಗೆ ಮನೆಯಲ್ಲಿ ಬೈಸಿಕೊಳ್ಳುವ ಹುಡುಗಿಯ ಕೈಯಲ್ಲಿ ತನ್ನದೇ ಇನ್ನೂರು ಮುನ್ನೂರು ರೂಪಾಯಿ ಇದ್ದರೆ ಅವಳು ಮನೆಯಲ್ಲಿ ಮಾತನಾಡುವ ರೀತಿ ಬೇರೆ ಇರುತ್ತದೆ. ಇದನ್ನು ನಾನು ನನ್ನ ಮಗಳಲ್ಲಿ ನೋಡಿದ್ದೇನೆ.

ಅಕ್ಕೋರ ವಿಷಯ ಹೇಳುತ್ತೇನೆ ಎಂದೆನಲ್ಲ. ಆ ಹುದ್ದೆ ತುಂಬಿಸುವುದು ನನ್ನ ಕೈಯಲ್ಲಿಲ್ಲ. ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿದ್ದೇನೆ, ಪ್ರಯೋಗಾಲಯದ ಪಕ್ಕದ ಹಳೆಯ ಕಪಾಟು ಕೊಡಲು ಒಪ್ಪಿದ್ದಾರೆ. ಅದರಲ್ಲಿ ಆರು ಇಕ್ಕಳ, ನಾಲ್ಕು ಕತ್ತರಿ, ಎಲ್ಲ ಅಳತೆಯ ಬಳೆ, ಇಪ್ಪತ್ತು ಬಣ್ಣದ ದಾರ ಇಡುತ್ತಿದ್ದೇನೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಂದು ಗಂಟೆ ನಾನೇ ಬರುತ್ತೇನೆ. ಗಂಡುಹುಡುಗರೂ ಬರಬಹುದು, ಹಾವೇರಿಯ ಏಲಕ್ಕಿ ಮಾಲೆ ನೋಡಿದ್ದೀರಲ್ಲ, ಅದನ್ನು ಕಟ್ಟುವ ಮನೆಗಳಲ್ಲಿ ಗಂಡಸರೂ ಕೂತು ಕಟ್ಟುತ್ತಾರೆ. ಮೊದಲ ದಿನ ಬರುವವರು ಒಂದು ಹಳೆಯ ಬಳೆ, ಮುಗಿದ ನೋಟ್‌ಬುಕ್ಕಿನ ರಟ್ಟು, ಲೆಕ್ಕ ಬರೆಯಲು ಒಂದು ಪೆನ್ನು ತನ್ನಿ. ದಾರ ನನ್ನದು.