ಗೌರಮ್ಮನಿಗೆ ಇಟ್ಟ ಹೆಸರು



ಸಾಂಗ್ಲಿ, ಮಿರಜ ಕಡೆಯ ನಮಗೆ ವಿಕ್ಟೋರಿಯಾ ಅಂದರೆ ಮುಂಬಯಿಯ ವಿ.ಟಿ., ಅಂದರೆ ವಿಕ್ಟೋರಿಯಾ ಟರ್ಮಿನಸ್ ಸ್ಟೇಷನ್. 1996ರಲ್ಲಿ ಅದಕ್ಕೆ ಛತ್ರಪತಿ ಶಿವಾಜಿ ಮಹಾರಾಜರ ಹೆಸರು ಬಂತು. ಹಳಬರ ಬಾಯಲ್ಲಿ ಇನ್ನೂ ವಿ.ಟಿ.ಯೇ. ವಿಕ್ಟೋರಿಯಾ ಎಂಬ ಇದೇ ಹೆಸರನ್ನು ಕನ್ನಡ ನಾಡಿನ ಒಬ್ಬ ಅರಸುಮಗಳಿಗೂ ಇಟ್ಟಿದ್ದರು. ಅವಳ ವಿಷಯ ಹೇಳಲು ಬಂದಿದ್ದೇನೆ.

ವಿಕ್ಟೋರಿಯಾ ಲ್ಯಾಟಿನ್ ಹೆಸರು. ಗೆಲುವು ಎಂದರ್ಥ. ರೋಮನ್ನರಿಗೆ ಅವಳು ದೇವತೆ; ಯುದ್ಧ ಗೆದ್ದವರು ಅವಳಿಗೆ ನಡೆದುಕೊಳ್ಳುತ್ತಿದ್ದರು. ಇಂಗ್ಲೆಂಡಿನಲ್ಲಿ ಈ ಹೆಸರು ಅಷ್ಟಾಗಿ ಬಳಕೆಯಲ್ಲಿರಲಿಲ್ಲ. 1819ರಲ್ಲಿ ಹುಟ್ಟಿದ ರಾಣಿ ವಿಕ್ಟೋರಿಯಾಳಿಗೆ ಅದು ಜರ್ಮನ್ ತಾಯಿಯಿಂದ ಬಂದದ್ದು. 1837ರಲ್ಲಿ ಅವಳಿಗೆ ಪಟ್ಟವಾದ ಮೇಲೆ ಊರು, ಕೆರೆ, ಕುದುರೆಗಾಡಿ, ಆಸ್ಪತ್ರೆಗೆಲ್ಲ ಅದೇ ಹೆಸರಾಯಿತು.

ನಾನು ಹೇಳಲು ಬಂದ ಅರಸುಮಗಳು ಕೊಡಗಿನ ಗೌರಮ್ಮ. ಕೊಡಗನ್ನಾಳಿದ ಹಾಲೇರಿ ಮನೆತನದವರು ಲಿಂಗಾಯತರು. ಮಾಸ್ತಿಯವರ ಕಾದಂಬರಿಯಿಂದ ನೀವು ಬಲ್ಲ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು 1834ರಲ್ಲಿ ಕಂಪನಿ ಸರಕಾರ ಗಾದಿಯಿಂದ ಇಳಿಸಿತು. ಆಮೇಲೆ ಅವನ ವಾಸ ಕಾಶಿಯಲ್ಲಿ. ಅವನ ಮಗಳು ಗೌರಮ್ಮ ಹುಟ್ಟಿದ್ದು ಅಲ್ಲಿಯೇ, 1841ರಲ್ಲಿ. ಕಂಪನಿ ತಡೆಹಿಡಿದ ತನ್ನ ಹಣ ಕೇಳಲೆಂದು ಅರಸ 1852ರಲ್ಲಿ ಮಗಳನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಆ ವರ್ಷ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು. ರಾಣಿ ತಾನೇ ಧರ್ಮತಾಯಿಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು.

ರಾಣಿಗೆ ಈ ಹುಡುಗಿಯ ಮೇಲೆ ಮಮತೆ ಇತ್ತು, ಅದನ್ನು ಅಲ್ಲಗಳೆಯಲಾರೆ. ಆಸ್ಥಾನದ ಚಿತ್ರಕಾರ ವಿಂಟರ್‌ಹಾಲ್ಟರನಿಂದ ಅವಳ ಚಿತ್ರ ಬರೆಸಿದಳು. ಅದರಲ್ಲಿ ಗೌರಮ್ಮ ನಮ್ಮ ಉಡುಪಿನಲ್ಲಿ, ಒಡವೆ ತೊಟ್ಟು ನಿಂತಿದ್ದಾಳೆ. ಆದರೆ ರಾಜ್ಯ ಕಳೆದುಕೊಂಡವನ ಮಗಳಿಗೆ ರಾಜ್ಯ ಕಿತ್ತುಕೊಂಡವರ ಹೆಸರಿಟ್ಟರಲ್ಲ, ಅದು ನನ್ನನ್ನು ಇಂದಿಗೂ ನೋಯಿಸುತ್ತದೆ. ಹಣದ ಆಸೆಯಲ್ಲಿ ಅಪ್ಪ, ಧರ್ಮದ ಹುಮ್ಮಸ್ಸಿನಲ್ಲಿ ರಾಣಿ; ನಡುವೆ ಹನ್ನೊಂದರ ಹುಡುಗಿಯ ಮಾತಿಗೆ ಏನು ಬೆಲೆ ಇದ್ದೀತು? ಮುಂದೆ ಅವಳು ಬೆಳೆದದ್ದು ಇಂಗ್ಲಿಷ್ ಪೋಷಕರ ಮನೆಗಳಲ್ಲಿ. ಪಂಜಾಬಿನ ಮಾಜಿ ಅರಸ ದುಲೀಪ್ ಸಿಂಗನಿಗೆ ಕೊಟ್ಟು ಮದುವೆ ಮಾಡಬೇಕೆಂದು ರಾಣಿ ಬಯಸಿದಳು, ಅವನು ಒಪ್ಪಲಿಲ್ಲ. 1860ರಲ್ಲಿ ಕರ್ನಲ್ ಜಾನ್ ಕ್ಯಾಂಪ್‌ಬೆಲ್ಲನ ಜೊತೆ ಮದುವೆಯಾಯಿತು. 1864ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ತೀರಿಕೊಂಡಳು. ಸಮಾಧಿ ಲಂಡನ್ನಿನ ಬ್ರಾಂಪ್ಟನ್ನಿನಲ್ಲಿದೆ.

1861ರಲ್ಲಿ ಹುಟ್ಟಿದ ಅವಳ ಮಗಳ ಪೂರ್ತಿ ಹೆಸರು ಎಡಿತ್ ವಿಕ್ಟೋರಿಯಾ ಗೌರಮ್ಮ ಕ್ಯಾಂಪ್‌ಬೆಲ್. ರಾಣಿಯ ಹೆಸರಿನ ಪಕ್ಕದಲ್ಲಿ ಗೌರಮ್ಮ ಎಂಬುದೂ ಉಳಿಯಿತು. ಮನೆಗೆ ಹೋಗಿ ನಿಮ್ಮ ಹೆಣ್ಣುಮಕ್ಕಳಿಗೆ ಈ ಕಥೆ ಹೇಳಿ. ಹೇಳುವಾಗ ಅವಳನ್ನು ಗೌರಮ್ಮ ಎಂದೇ ಕರೆಯಿರಿ.